ಹಳೆಯ ಮೋಟಾರು ಗಾಡಿಗಳಲ್ಲಿ ಬ್ಯಾಟರಿಗೆ ವಿದ್ಯುಚ್ಛಕ್ತಿ ಸೇರದಿದ್ದರೆ ಕಾರಣವನ್ನು ಕಂಡುಹಿಡಿಯುವ ಕ್ರಮ

ಹಳೆಯ ಅಂಬಾಸಿಡರ್ ಕಾರುಗಳೂ ಮಹೀಂದ್ರ ಜೀಪುಗಳೂ ಗ್ರಾಮಾಂತರಗಳಲ್ಲಿ ಈಗಲೂ ಅಲ್ಲಲ್ಲಿ ದುಡಿಯುತ್ತಿರುವುವೆಂಬುದು ವಾಚಕರಿಗೆ ತಿಳಿದ ವಿಷಯವೇ. ಉತ್ತರಪಾರದ ಕಾರ್ಖಾನೆಯಲ್ಲಿ ಅಂಬಾಸಿಡರ್ ಗಾಡಿಯ ತಯಾರಿಕೆಯು ೨೦೧೪ರಲ್ಲಿ ನಿಂತುಹೋಯಿತು. ಗಾಡಿಗಳು ಮಾತ್ರ ನಿಲ್ಲಲಿಲ್ಲ. ಜಮೀನುದಾರರ ಮನೆಯಲ್ಲಿರುವ ಇಂತಹ ಗಾಡಿಯು ಹೆಸರಿಗೆ ಅವರೊಬ್ಬರ ಸ್ವತ್ತಾದರೂ ಉಪಯೋಗದಲ್ಲಿ ಊರಿನ ಸ್ವತ್ತೇ ಸರಿ. ಬಿತ್ತನೆಯ ಬೀಜವನ್ನು ತರುವುದಕ್ಕೂ, ರೇಷ್ಮೆಗೂಡನ್ನು ಮಾರುಕಟ್ಟೆಗೆ ಮುಟ್ಟಿಸುವುದಕ್ಕೂ, ಅಪರಾತ್ರಿಯಲ್ಲಿ ಹಾವು ಕಚ್ಚಿದವರನ್ನಾಗಲಿ ಹೆರಿಗೆ ನೋವು ತಿನ್ನುತ್ತಿರುವ ಹೆಣ್ಣುಮಗಳನ್ನಾಗಲಿ ತಾಲ್ಲೂಕು ಆಸ್ಪತ್ರೆಗೆ ಕರೆದೊಯ್ಯುವುದಕ್ಕೂ ನೆರೆಹೊರೆಯವರು ಅದನ್ನೇ ನಂಬಿರುತ್ತಾರೆ. ಅಂತಹ ಹೊತ್ತಿನಲ್ಲಿ ಕೀಲಿಯನ್ನು ತಿರುಗಿಸಿದೊಡನೆ ಗಾಡಿಯು "ಟಕ್" ಎಂದು ಒಂದು ಸದ್ದು ಮಾಡಿ ಸುಮ್ಮನಾದರೆ ಆಗತಕ್ಕ ಅನರ್ಥವನ್ನು ವಿವರಿಸಬೇಕಾದುದಿಲ್ಲ.

ಹೀಗಾದಾಗ ಸಾಮಾನ್ಯವಾಗಿ ನಡೆಯುವುದೇನೆಂದರೆ, ಬ್ಯಾಟರಿ ಹಾಳಾಯಿತೆಂದು ನಿಶ್ಚಯಿಸಿ ಹೊಸದನ್ನು ತರಿಸುವರು. ಹೊಸ ಬ್ಯಾಟರಿಯು ಅಂಗಡಿಯಿಂದ ಶಕ್ತಿ ತುಂಬಿಕೊಂಡೇ ಬರುವುದರಿಂದ ಗಾಡಿಯು ಕೆಲವು ದಿನ ಚೆನ್ನಾಗಿ ಓಡುವುದು. ರೋಗವು ವಾಸಿಯಾಯಿತೆಂದು ಯಜಮಾನರು ಭಾವಿಸುವರು. ಹದಿನೈದು ದಿನವೋ ತಿಂಗಳೋ ಕಳೆಯುವಷ್ಟರಲ್ಲಿ ಮತ್ತೆ ಅದೇ ಪಾಡು. ಆಗ ಡೈನಮೋವನ್ನೋ ಆಲ್ಟರ್ನೇಟರನ್ನೋ ಬದಲಾಯಿಸುವರು. ಅದೂ ಫಲಿಸದೆ ಹೋಗಿ, ಕಡೆಗೆ ಇಂಜಿನ್ನಿಗೂ ಷಾಸಿಗೂ ನಡುವೆ ಇರುವ ಗೇಣುದ್ದದ ಒಂದು ತಂತಿಯು ತುಕ್ಕು ಹಿಡಿದಿದ್ದುದು ಕಂಡುಬರುವುದುಂಟು. ಇಷ್ಟು ಹಣವೂ ದಂಡವಾಗುವುದು ಅಳತೆ ಮಾಡದೆ ಊಹೆಯಿಂದ ಸಾಮಾನು ಬದಲಾಯಿಸುವುದರಿಂದ. ಅಳತೆಗೆ ಬೇಕಾದ ಮಲ್ಟಿಮೀಟರ್ ಎಂಬ ಉಪಕರಣವು ಕೆಲವು ನೂರು ರೂಪಾಯಿಗಳಿಗೆ ದೊರೆಯುವುದು. ಅದನ್ನು ನೋಡತಕ್ಕ ಕ್ರಮವು ಗಡಿಯಾರ ನೋಡುವುದಕ್ಕಿಂತ ಕಷ್ಟವಾದುದಲ್ಲ.

ಮೊದಲು ಗಾಡಿಯೊಳಗಿನ ಏರ್ಪಾಡನ್ನು ತಿಳಿಯಬೇಕು. ಇದನ್ನು ಕೆರೆಯೊಂದಕ್ಕೆ ಹೋಲಿಸಬಹುದು. ಬ್ಯಾಟರಿಯೇ ಕೆರೆ. ಇಂಜಿನ್ನನ್ನು ಎಬ್ಬಿಸುವ ಸ್ಟಾರ್ಟರ್ ಮೋಟಾರು ಕೆಲವೇ ಕ್ಷಣಗಳಲ್ಲಿ ಈ ಕೆರೆಯಿಂದ ನೂರಾರು ಆಂಪಿಯರುಗಳಷ್ಟು ಪ್ರವಾಹವನ್ನು ಎಳೆದುಕೊಳ್ಳುವುದು. ಹೋದುದನ್ನು ಮತ್ತೆ ತುಂಬಿಸುವ ರಾಜಕಾಲುವೆಯು, ಇಂಜಿನ್ನಿನ ಬೆಲ್ಟಿನಿಂದ ತಿರುಗುವ ಡೈನಮೋ ಅಥವಾ ಆಲ್ಟರ್ನೇಟರು. ಕೆರೆಯ ಮಟ್ಟಕ್ಕಿಂತ ಕಾಲುವೆಯ ಮಟ್ಟ ಎತ್ತರವಾಗಿದ್ದರೆ ಮಾತ್ರ ನೀರು ಕೆರೆಗೆ ಹರಿಯುವುದಷ್ಟೆ. ಇಲ್ಲಿಯೂ ಹಾಗೆಯೇ, ಆ ಮಟ್ಟವನ್ನೇ ವೋಲ್ಟು ಎಂದು ಅಳೆಯುವರು. ಹನ್ನೆರಡು ವೋಲ್ಟಿನದೆಂದು ಕರೆಯಲ್ಪಡುವ ಬ್ಯಾಟರಿಯು ತುಂಬಿದಾಗ ನಿಜವಾಗಿ ೧೨.೬ ವೋಲ್ಟು ತೋರಿಸುವುದು. ಆದುದರಿಂದ ಅದಕ್ಕೆ ಶಕ್ತಿ ತುಂಬಬೇಕಾದರೆ ಬರುವ ಪ್ರವಾಹವು ಸುಮಾರು ೧೪ ವೋಲ್ಟಿನ ಎತ್ತರದಲ್ಲಿರಬೇಕು. ಈ ಎತ್ತರವು ಮಿತಿಮೀರದಂತೆ ಕೋಡಿಯ ಹಾಗೆ ಕಾಯುವುದಕ್ಕೆ ರೆಗ್ಯುಲೇಟರ್ ಎಂಬ ಭಾಗವಿದೆ.

ಗಾಡಿಯಲ್ಲಿರುವುದು ಡೈನಮೋವೋ ಆಲ್ಟರ್ನೇಟರೋ ಎಂಬುದನ್ನು ಗುರುತಿಸಿಕೊಳ್ಳುವುದು ಮುಖ್ಯ. ಏಕೆಂದರೆ ಒಂದಕ್ಕೆ ಸಲ್ಲುವ ಪರೀಕ್ಷೆ ಇನ್ನೊಂದಕ್ಕೆ ವಿಷ. ಡೈನಮೋ ಉದ್ದವಾಗಿ, ಮುಚ್ಚಿದ ಕೊಳವೆಯಂತಿರುವುದು. ಅದರ ಹಿಂದೆ ಒಂದು ದಪ್ಪ, ಒಂದು ಸಣ್ಣ, ಹೀಗೆ ಎರಡು ತಂತಿಗಳು ಸೇರಿರುವುವು. ರೆಗ್ಯುಲೇಟರು ಮತ್ತು ಕಟ್-ಔಟು ಎಂಬ ಎರಡೂ ಬೇರೊಂದು ಪೆಟ್ಟಿಗೆಯಲ್ಲಿರುವುವು. ಕಟ್-ಔಟಿನ ಕೆಲಸವೆಂದರೆ, ಇಂಜಿನ್ನು ನಿಂತಾಗ ಕೆರೆಯ ನೀರು ಕಾಲುವೆಗೆ ಹಿಂದಿರುಗದಂತೆ ಬಾಗಿಲು ಮುಚ್ಚುವುದು. ಆಲ್ಟರ್ನೇಟರಾದರೋ ಗಿಡ್ಡಗೆ ದಪ್ಪನಾಗಿದ್ದು, ಅದರ ಮೈಯ ಸಂದುಗಳಲ್ಲಿ ತಾಮ್ರದ ಸುರುಳಿಯು ಹೊರಗೇ ಕಾಣುವುದು. ಅದರಲ್ಲಿ ಆ ಬಾಗಿಲಿನ ಕೆಲಸವನ್ನು ಡಯೋಡ್ ಎಂಬ ಸಣ್ಣ ಸಿಲಿಕಾನ್ ಬಿಲ್ಲೆಗಳು ಮಾಡುವುವು. ಅಮೆರಿಕದಲ್ಲಿ ಕ್ರೈಸ್ಲರ್ ಕಂಪನಿಯವರು ೧೯೬೦ರ ಮಾದರಿಯ ವೇಲಿಯಂಟ್ ಕಾರಿನಲ್ಲಿ ಆಲ್ಟರ್ನೇಟರನ್ನು ಬಳಕೆಗೆ ತಂದ ಬಳಿಕ ಡೈನಮೋಗಳು ಕ್ರಮೇಣ ಮೂಲೆಗೆ ಸೇರಿದುವು. ಆದರೂ ನಮ್ಮ ಹಳೆಯ ಗಾಡಿಗಳಲ್ಲಿ ಅವು ಇನ್ನೂ ಕಾಣಬರುವುವು.

ಡೈನಮೋವಿನ ಶಕ್ತಿ ಅಲ್ಪವೆಂಬುದನ್ನು ಮರೆಯಕೂಡದು. ಲ್ಯೂಕಾಸ್ ಸಿ-೪೦ ಜಾತಿಯ ಡೈನಮೋ ಕೊಡುವುದು ಹೆಚ್ಚೆಂದರೆ ಸುಮಾರು ೨೨ ಆಂಪಿಯರು. ಮುಂದಿನ ಎರಡು ದೊಡ್ಡ ದೀಪಗಳೂ ಹಿಂದಿನ ದೀಪಗಳೂ ಸೇರಿ ೧೦ ಆಂಪಿಯರನ್ನು ತಿನ್ನುವುವು. ಪೆಟ್ರೋಲ್ ಇಂಜಿನ್ನಿನ ಕಿಡಿಗೆ ಇನ್ನು ಮೂರು ನಾಲ್ಕು ಬೇಕು. ಇದರ ಮೇಲೆ ಮಂಜಿಗೆಂದು ಇನ್ನೆರಡು ದೀಪ, ಫ್ಯಾನು, ಹಾಡಿನ ಪೆಟ್ಟಿಗೆ, ಜಾತ್ರೆಗೆಂದು ಕಟ್ಟಿದ ಧ್ವನಿವರ್ಧಕ ಇವನ್ನೆಲ್ಲ ಹೇರಿದರೆ ವರಮಾನಕ್ಕಿಂತ ಖರ್ಚು ಹೆಚ್ಚಾದ ಸಂಸಾರದಂತೆಯೇ ಆಗುವುದು. ಯಾವ ಭಾಗವೂ ಕೆಡದೆ ಬ್ಯಾಟರಿ ಬರಿದಾಗುವ ಗಾಡಿಗಳಲ್ಲಿ ಇದೂ ಒಂದು ಕಾರಣ. ಇಂಜಿನ್ನು ನಿಧಾನವಾಗಿ ತಿರುಗುತ್ತಿರುವಾಗ ಡೈನಮೋ ಏನನ್ನೂ ಕೊಡದಿರುವುದೂ, ದೀಪ ಮಂಕಾಗುವುದೂ ಅದರ ಸ್ವಭಾವವೇ ಹೊರತು ದೋಷವಲ್ಲ.

ಪರೀಕ್ಷೆಗೆ ಮುಂಚೆ ಎಚ್ಚರಿಕೆಯ ಮಾತು. ಬ್ಯಾಟರಿಯಿಂದ ಜಲಜನಕವೆಂಬ ಅನಿಲವು ಹೊರಡುವುದರಿಂದ ಅದರ ಬಳಿ ಬೀಡಿ, ಬೆಂಕಿಕಡ್ಡಿ ಇವು ಕೂಡವೇ ಕೂಡದು. ಗಾಡಿಯನ್ನು ನ್ಯೂಟ್ರಲ್ಲಿಗೆ ತಂದು, ಬ್ರೇಕನ್ನು ಎಳೆದು, ಚಕ್ರಕ್ಕೆ ಕಲ್ಲು ಕೊಡತಕ್ಕದ್ದು. ಪಂಚೆಯ ಸೆರಗೂ ಹೆಗಲ ವಸ್ತ್ರವೂ ತಿರುಗುವ ಫ್ಯಾನಿಗೆ ಸಿಕ್ಕದಂತೆ ಬಿಗಿದುಕೊಳ್ಳಬೇಕು. ಕೈಯ ಉಂಗುರ, ಗಡಿಯಾರಗಳನ್ನು ತೆಗೆದಿಡಬೇಕು. ಬ್ಯಾಟರಿಯನ್ನು ಬಿಚ್ಚುವಾಗ ಷಾಸಿಗೆ ಸೇರಿರುವ ತಂತಿಯನ್ನು ಮೊದಲು ಬಿಚ್ಚಿ, ಸೇರಿಸುವಾಗ ಅದನ್ನು ಕಡೆಯಲ್ಲಿ ಸೇರಿಸತಕ್ಕದ್ದು. ಹಳೆಯ ಇಂಗ್ಲಿಷ್ ಗಾಡಿಗಳಲ್ಲಿ ಧನ ತುದಿಯನ್ನೇ ಷಾಸಿಗೆ ಸೇರಿಸಿರುವುದುಂಟು. ಎರಡನೆಯ ಮಹಾಯುದ್ಧದ ಕಾಲದ ವಿಲ್ಲಿಸ್ ಜೀಪುಗಳು ಆರು ವೋಲ್ಟಿನವು. ಇಂತಹ ಗಾಡಿಯುಳ್ಳವರು ಕೆಳಗಿನ ಅಂಕೆಗಳನ್ನು ಹಾಗೆಯೇ ಅನ್ವಯಿಸಕೂಡದು.

ಇನ್ನು ಕಣ್ಣಿನಿಂದಲೂ ಕೈಯಿಂದಲೂ ಮಾಡತಕ್ಕ ಪರೀಕ್ಷೆ. ಬೆಲ್ಟಿನ ಉದ್ದವಾದ ಭಾಗವನ್ನು ನಡುವೆ ಹೆಬ್ಬೆರಳಿನಿಂದ ಒತ್ತಿದರೆ ಸುಮಾರು ಅರ್ಧ ಅಂಗುಲ ಬಗ್ಗಬೇಕು. ಹೆಚ್ಚು ಬಗ್ಗಿದರೆ ಅದು ಜಾರುವುದು; ಒಳಮೈ ಕನ್ನಡಿಯಂತೆ ಹೊಳೆಯುತ್ತಿದ್ದರೆ ಬಿಗಿಮಾಡಿದರೂ ಜಾರುವುದು. ದೀಪ ಹಾಕಿ ಇಂಜಿನ್ನನ್ನು ಜೋರು ಮಾಡಿದೊಡನೆ ಕಿರ್ರೆಂದು ಕೂಗುವ ಬೆಲ್ಟು ತನ್ನ ದೋಷವನ್ನು ತಾನೇ ಹೇಳಿಕೊಳ್ಳುತ್ತಿದೆಯೆಂದು ತಿಳಿಯಬೇಕು. ಆದರೆ ಅತಿಯಾಗಿ ಬಿಗಿದರೆ ಡೈನಮೋವಿನ ಬೇರಿಂಗು ಸವೆಯುವುದು. ತರುವಾಯ ಬ್ಯಾಟರಿಯ ಟರ್ಮಿನಲ್ಲುಗಳನ್ನು ನೋಡಿ. ಅವುಗಳ ಮೇಲೆ ಬಿಳಿ ಅಥವಾ ಹಸಿರು ಬೂಷ್ಟು ಬೆಳೆದಿದ್ದರೆ ಬಿಸಿನೀರಿನಲ್ಲಿ ಅಡಿಗೆ ಸೋಡವನ್ನು ಕದಡಿ, ಆ ನೀರು ಬ್ಯಾಟರಿಯೊಳಕ್ಕೆ ಇಳಿಯದಂತೆ ತೊಳೆದು, ಸೀಸದ ಕಂಬವನ್ನೂ ಹಿಡಿಕೆಯ ಒಳಮೈಯನ್ನೂ ಮರಳು ಕಾಗದದಿಂದ ಹೊಳೆಯುವಂತೆ ಉಜ್ಜಿ, ಬಿಗಿದು, ಆಮೇಲೆ ಹೊರಗಡೆ ಪೆಟ್ರೋಲಿಯಂ ಜೆಲ್ಲಿಯನ್ನು ಸವರಬೇಕು. ಹುಲ್ಲಿನ ಬಣವೆಯ ಪಕ್ಕದಲ್ಲಿ ಗಾಡಿ ನಿಲ್ಲಿಸುವವರು ಇಲಿ ಕಡಿದ ತಂತಿಗಳನ್ನೂ ಹುಡುಕತಕ್ಕದ್ದು.

ಮುಂಭಾಗದ ಹಲಗೆಯಲ್ಲಿರುವ ಕೆಂಪು ದೀಪವು ಬಹಳ ಉಪಯುಕ್ತವಾದ ಸಾಕ್ಷಿ. ಅದರ ಒಂದು ತುದಿಯು ಬ್ಯಾಟರಿಯ ಕಡೆಗೂ, ಇನ್ನೊಂದು ತುದಿಯು ಡೈನಮೋ ಅಥವಾ ಆಲ್ಟರ್ನೇಟರಿನ ಕಡೆಗೂ ಸೇರಿದೆ. ಎರಡು ಕಡೆಯ ಮಟ್ಟ ಬೇರೆಯಾಗಿದ್ದರೆ ಪ್ರವಾಹ ಹರಿದು ದೀಪ ಹತ್ತುವುದು, ಸಮವಾದರೆ ಆರುವುದು. ಆದುದರಿಂದ ಕೀಲಿಯನ್ನು ತಿರುಗಿಸಿದಾಗ ದೀಪ ಹತ್ತಿ, ಇಂಜಿನ್ನು ಎದ್ದಮೇಲೆ ಆರುವುದು ಸರಿಯಾದ ಸ್ಥಿತಿ. ಆರದೆ ಉಳಿದರೆ ಶಕ್ತಿ ಹುಟ್ಟುತ್ತಿಲ್ಲ. ಮಿಣಮಿಣನೆ ಮಂಕಾಗಿ ಉರಿದರೆ ಡಯೋಡು ಕೆಟ್ಟಿರಬಹುದು, ಇಲ್ಲವೆ ತಂತಿಯ ದಾರಿಯಲ್ಲಿ ಎಲ್ಲಿಯೋ ತಡೆಯುಂಟಾಗಿರಬಹುದು. ಕೀಲಿ ತಿರುಗಿಸಿದಾಗಲೂ ದೀಪ ಹತ್ತದಿದ್ದರೆ ಹಲವರು ಅದನ್ನು ಲಕ್ಷಿಸುವುದೇ ಇಲ್ಲ. ಇದು ಸರಿಯಲ್ಲ. ಅನೇಕ ಆಲ್ಟರ್ನೇಟರುಗಳು ಎಚ್ಚರಗೊಳ್ಳುವುದಕ್ಕೆ ಬೇಕಾದ ಮೊದಲ ಅಲ್ಪ ಪ್ರವಾಹವು ಈ ದೀಪದ ಮೂಲಕವೇ ಹೋಗುವುದು. ದೀಪ ಸುಟ್ಟಿದ್ದರೆ ಆಲ್ಟರ್ನೇಟರು ಹೊಸದಾಗಿದ್ದರೂ ಮಲಗಿಯೇ ಇರಬಹುದು. ದೀಪದ ಬುರುಡೆಯೊಂದನ್ನು ಬದಲಾಯಿಸಿದ್ದರೆ ಸಾಕಾಗಿದ್ದ ಕಡೆ ಆಲ್ಟರ್ನೇಟರನ್ನೇ ಕೊಂಡವರ ನಷ್ಟ ಎಷ್ಟೆಂಬುದನ್ನು ವಾಚಕರೇ ಲೆಕ್ಕಹಾಕಬಹುದು.

ಇಷ್ಟಾದಮೇಲೆ ಅಳತೆ. ಮೀಟರಿನ ಗುಂಡಿಯನ್ನು ನೇರ ಪ್ರವಾಹದ ೨೦ ವೋಲ್ಟಿನ ಸ್ಥಾನಕ್ಕೆ ತಿರುಗಿಸಿ, ಕೆಂಪು ಕಡ್ಡಿಯನ್ನು ಬ್ಯಾಟರಿಯ ಧನ ಕಂಬಕ್ಕೂ ಕಪ್ಪನ್ನು ಋಣ ಕಂಬಕ್ಕೂ ಮುಟ್ಟಿಸಿ. ರಾತ್ರಿಯೆಲ್ಲ ನಿಂತ ಗಾಡಿಯಲ್ಲಿ ಬೆಳಗ್ಗೆ ೧೨.೬ ಇದ್ದರೆ ಬ್ಯಾಟರಿ ತುಂಬಿದೆ, ೧೨.೨ ಇದ್ದರೆ ಸುಮಾರು ಅರ್ಧ. ೧೨ಕ್ಕೆ ಇಳಿದಿದ್ದರೆ ಕಾಲು ಭಾಗ ಉಳಿದಿದೆ. ಅದಕ್ಕೂ ಕೆಳಗಾದರೆ ಬರಿದೆಂದೇ ತಿಳಿಯಬೇಕು. ಹನ್ನೆರಡು ವೋಲ್ಟೆಂದರೆ ಸರಿಯಾಗಿಯೇ ಇದೆಯೆಂದು ಭಾವಿಸುವುದು ತಪ್ಪೆಂಬುದು ಇದರಿಂದ ವ್ಯಕ್ತವಾಗುವುದು. ೧೦.೫ರ ಸುಮಾರಿಗೆ ನಿಂತುಬಿಟ್ಟಿದ್ದರೆ ಆರು ಕೋಣೆಗಳಲ್ಲಿ ಒಂದು ಸತ್ತಿರುವ ಸಂಭವ ಹೆಚ್ಚು. ಅನಂತರ ಇನ್ನೊಬ್ಬರಿಂದ ಇಂಜಿನ್ನನ್ನು ಎಬ್ಬಿಸಿ, ಸ್ಟಾರ್ಟರು ತಿರುಗುವಾಗ ಮೀಟರನ್ನು ನೋಡಿ. ತುಂಬಿದ ಬ್ಯಾಟರಿಯು ಆಗ ೯.೬ಕ್ಕಿಂತ ಕೆಳಗೆ ಕುಸಿದರೆ ದೋಷವು ಬಹುಮಟ್ಟಿಗೆ ಬ್ಯಾಟರಿಯದೇ.

ಈಗ ಇಂಜಿನ್ನನ್ನು ನಿಮಿಷಕ್ಕೆ ಸುಮಾರು ೧,೫೦೦ ಸುತ್ತು ತಿರುಗುವಂತೆ ಸ್ವಲ್ಪ ಜೋರು ಮಾಡಿ ಮತ್ತೆ ಅಳೆಯತಕ್ಕದ್ದು. ೧೩.೮ರಿಂದ ೧೪.೫ರ ವರೆಗೆ ತೋರಿಸಿದರೆ ಕಾಲುವೆಯಲ್ಲಿ ನೀರು ಬರುತ್ತಿದೆ. ಮುಂದಿನ ದೀಪಗಳನ್ನು ಹಾಕಿದಮೇಲೂ ೧೩.೫ರ ಆಸುಪಾಸಿನಲ್ಲಿ ನಿಂತರೆ ಸಮಾಧಾನಪಡಬಹುದು. ಇಂಜಿನ್ನು ನಿಂತಿದ್ದಾಗಿನ ಅಂಕೆಯೇ ಓಡುವಾಗಲೂ ಉಳಿದರೆ ಅಥವಾ ಇನ್ನೂ ಇಳಿಯುತ್ತಿದ್ದರೆ ಬ್ಯಾಟರಿಗೆ ಏನೂ ಸೇರುತ್ತಿಲ್ಲ. ಅಂತಹ ಸ್ಥಿತಿಯಲ್ಲಿ ರಾತ್ರಿ ಹೊರಟ ಪೆಟ್ರೋಲ್ ಗಾಡಿಯು ಎರಡು ಮೂರು ಗಂಟೆಯೊಳಗೆ ದಾರಿಯಲ್ಲಿಯೇ ನಿಲ್ಲುವುದು. ಹಳೆಯ ಡೀಸೆಲ್ ಜೀಪಿಗೆ ಕಿಡಿಯ ಅವಶ್ಯಕತೆಯಿಲ್ಲದುದರಿಂದ ಅದು ದೀಪ ಮಂಕಾದರೂ ಓಡಿಕೊಂಡಿರುವುದು. ಹಗಲಿನಲ್ಲಿ ಇಂಜಿನ್ನು ನಿಲ್ಲಿಸದೆ ಮನೆ ಸೇರಬಹುದು.

ಬ್ಯಾಟರಿಯಲ್ಲಿ ಅಂಕೆ ಕಡಮೆಯಿದ್ದ ಮಾತ್ರಕ್ಕೆ ಆಲ್ಟರ್ನೇಟರಿನ ಮೇಲೆ ದೋಷ ಹೊರಿಸಕೂಡದು. ರಾಜಕಾಲುವೆಯ ತಲೆಯಲ್ಲಿ ನೀರು ತುಂಬಿ ಹರಿದರೂ ನಡುವೆ ಹೂಳು ತುಂಬಿದ್ದರೆ ಕೆರೆಗೆ ಬರುವುದೆಂತು? ಹೂಳು ಎಲ್ಲಿದೆಯೆಂಬುದನ್ನು ಕಂಡುಹಿಡಿಯುವ ಉಪಾಯವು ಬಹಳ ಸರಳವಾಗಿದ್ದರೂ ಅದನ್ನು ಮಾಡುವವರು ವಿರಳ. ಇಂಜಿನ್ನು ಓಡುತ್ತ, ಮುಂದಿನ ದೀಪಗಳು ಉರಿಯುತ್ತ ಇರುವಾಗ ಮೀಟರಿನ ಒಂದು ಕಡ್ಡಿಯನ್ನು ಆಲ್ಟರ್ನೇಟರಿನ ದಪ್ಪ ತಂತಿಯ ಟರ್ಮಿನಲ್ಲಿಗೂ, ಇನ್ನೊಂದನ್ನು ಬ್ಯಾಟರಿಯ ಧನ ಕಂಬಕ್ಕೂ ಹಿಡಿಯಬೇಕು. ಹಿಡಿಕೆಗಲ್ಲ, ಸೀಸದ ಕಂಬಕ್ಕೇ ಹಿಡಿಯಬೇಕೆಂಬುದನ್ನು ಗಮನಿಸುವುದು. ಅನೇಕ ವೇಳೆ ಇವೆರಡರ ನಡುವೆಯೇ ದೋಷ ಅಡಗಿರುವುದು. ಈ ಅಳತೆಯು ಎರಡು ಸ್ಥಳಗಳ ಮಟ್ಟಗಳಲ್ಲಿರುವ ವ್ಯತ್ಯಾಸವನ್ನು ಮಾತ್ರ ತೋರಿಸುವುದರಿಂದ ಸೊನ್ನೆಗೆ ಎಷ್ಟು ಸಮೀಪವಾಗಿದ್ದರೆ ಅಷ್ಟು ಒಳ್ಳೆಯದು. ೦.೩ ವೋಲ್ಟಿನ ವರೆಗೆ ಸಹಿಸಬಹುದು. ೦.೫ನ್ನು ಮೀರಿದರೆ ಆ ದಾರಿಯಲ್ಲಿ ಸಡಿಲವಾದ ತಿರುಪೋ, ಸುಟ್ಟ ಜೋಡಣೆಯೋ, ಒಳಗೆ ಹಸಿರುಗಟ್ಟಿದ ತಂತಿಯೋ ಇದೆ. ಆಗ ಬ್ಯಾಟರಿಯ ಕಡೆಯ ಕಡ್ಡಿಯನ್ನು ಒಂದೊಂದು ಜೋಡಣೆಯಾಗಿ ಆಲ್ಟರ್ನೇಟರಿನ ಕಡೆಗೆ ಸರಿಸುತ್ತ ಬಂದರೆ ಯಾವ ಸ್ಥಳವನ್ನು ದಾಟಿದೊಡನೆ ಅಂಕೆ ಇಳಿಯುವುದೋ ಅಲ್ಲಿಯೇ ರೋಗ.

ಹೋಗುವ ದಾರಿಯಂತೆ ಹಿಂದಿರುಗುವ ದಾರಿಯನ್ನೂ ನೋಡಬೇಕು. ಒಂದು ಕಡ್ಡಿ ಆಲ್ಟರ್ನೇಟರಿನ ಲೋಹದ ಮೈಗೆ, ಇನ್ನೊಂದು ಬ್ಯಾಟರಿಯ ಋಣ ಕಂಬಕ್ಕೆ, ಇಲ್ಲಿ ೦.೨ಕ್ಕಿಂತ ಹೆಚ್ಚು ಇರಕೂಡದು. ಇಂಜಿನ್ನು ರಬ್ಬರಿನ ಮೇಲೆ ಕುಳಿತಿರುವುದರಿಂದ ಅದಕ್ಕೂ ಷಾಸಿಗೂ ಸಂಬಂಧವನ್ನು ಕಲ್ಪಿಸುವುದು ಹೆಣೆದ ತಾಮ್ರದ ಒಂದು ಪಟ್ಟಿ. ಮಲೆನಾಡಿನ ಮಳೆಯಲ್ಲಿಯೂ, ಗದ್ದೆಯ ಕೆಸರಿನಲ್ಲಿಯೂ ನೆನೆನೆನೆದು ಈ ಪಟ್ಟಿಯೇ ಮೊದಲು ಕೆಡುವುದು; ಗಾಡಿಯ ಕೆಳಗಿರುವುದರಿಂದ ಯಾರ ಕಣ್ಣಿಗೂ ಬೀಳದು. ಅದು ಪೂರ್ತಿಯಾಗಿ ಕಡಿದುಹೋದರೆ ಸ್ಟಾರ್ಟರಿನ ಪ್ರವಾಹವು ಬೇರೆ ದಾರಿಯಿಲ್ಲದೆ ಆಕ್ಸಿಲರೇಟರ್ ಅಥವಾ ಚೋಕಿನ ತಂತಿಯ ಮೂಲಕ ಹರಿದು ಆ ತಂತಿಯು ಬಿಸಿಯಾಗುವುದುಂಟು. ಇಂತಹ ಲಕ್ಷಣ ಕಂಡರೆ ಬೇರೆ ಏನನ್ನೂ ಹುಡುಕದೆ ಪಟ್ಟಿಯನ್ನು ಬಿಚ್ಚಿ, ಎರಡು ತುದಿಯ ಲೋಹವನ್ನೂ ಬಣ್ಣ ತುಕ್ಕು ಹೋಗುವಂತೆ ಉಜ್ಜಿ ಬಿಗಿಯತಕ್ಕದ್ದು.

ದಾರಿಗಳೆರಡೂ ಚೊಕ್ಕಟವಾಗಿದ್ದು, ಬೆಲ್ಟೂ ಕೆಂಪು ದೀಪವೂ ಸರಿಯಾಗಿದ್ದು, ಆದರೂ ಅಂಕೆ ಏರದಿದ್ದರೆ ಮಾತ್ರ ಯಂತ್ರವನ್ನು ಸಂದೇಹಿಸಬೇಕು. ಡೈನಮೋವಾದರೆ ಪರೀಕ್ಷೆಯನ್ನು ಗಾಡಿಯಲ್ಲಿಯೇ ಮಾಡಬಹುದು. ಇಂಜಿನ್ನನ್ನು ನಿಲ್ಲಿಸಿ, ಹಿಂದಿನ ಎರಡು ತಂತಿಗಳನ್ನೂ ಬಿಚ್ಚಿ, ಅವು ಷಾಸಿಗೆ ತಾಗದಂತಿಟ್ಟು, ಡೈನಮೋವಿನ ಎರಡು ಟರ್ಮಿನಲ್ಲುಗಳನ್ನು ಒಂದು ತಂತಿಯ ತುಂಡಿನಿಂದ ಜೋಡಿಸಿ, ಆ ಜೋಡಣೆಗೂ ಡೈನಮೋವಿನ ಮೈಗೂ ಮೀಟರನ್ನು ಸೇರಿಸಿ. ಅನಂತರ ಇಂಜಿನ್ನನ್ನು ಎಬ್ಬಿಸಿ ವೇಗವನ್ನು ಮೆಲ್ಲಮೆಲ್ಲಗೆ ಏರಿಸಿದರೆ ಅಂಕೆಯು ತಡವರಿಸದೆ ಏರಬೇಕು. ಸಾವಿರ ಸುತ್ತಿನಷ್ಟು ವೇಗ ಸಾಕು. ಅಂಕೆ ೨೦ನ್ನು ಮುಟ್ಟಗೊಡಿಸಕೂಡದು. ಏರಿದರೆ ಡೈನಮೋ ನಿರ್ದೋಷಿ. ತಪ್ಪು ರೆಗ್ಯುಲೇಟರ್ ಪೆಟ್ಟಿಗೆಯದು ಅಥವಾ ನಡುವಣ ತಂತಿಗಳದು. ಒಂದು ವೋಲ್ಟಿನ ಆಸುಪಾಸಿನಲ್ಲಿ ನಿಂತರೆ ಒಳಗಿನ ಫೀಲ್ಡ್ ಸುರುಳಿಯಲ್ಲಿಯೂ, ನಾಲ್ಕೈದರಲ್ಲಿ ನಿಂತರೆ ತಿರುಗುವ ಆರ್ಮೇಚರಿನಲ್ಲಿಯೂ ದೋಷವಿರುವ ಸಂಭವವುಂಟು. ಏನೂ ಇಲ್ಲವಾದರೆ ಸವೆದ ಕಾರ್ಬನ್ ಬ್ರಷ್ಷುಗಳನ್ನು ಮೊದಲು ನೋಡುವುದು. ಈ ಪರೀಕ್ಷೆಯನ್ನು ಆಲ್ಟರ್ನೇಟರಿಗೆ ಎಂದಿಗೂ ಮಾಡಕೂಡದು. ಅದನ್ನು ಬಿಚ್ಚಿ, ಪರೀಕ್ಷಿಸುವ ಯಂತ್ರವುಳ್ಳ ಮೇಸ್ತ್ರಿಯ ಬಳಿಗೆ ಒಯ್ಯುವುದೇ ಲೇಸು.

ಇಲ್ಲಿ ಒಂದು ಕೆಟ್ಟ ರೂಢಿಯನ್ನು ಖಂಡಿಸಬೇಕಾಗಿದೆ. ಇಂಜಿನ್ನು ಓಡುತ್ತಿರುವಾಗ ಬ್ಯಾಟರಿಯ ತಂತಿಯನ್ನು ಕಿತ್ತು, ಇಂಜಿನ್ನು ನಿಂತರೆ ಡೈನಮೋ ಕೆಟ್ಟಿದೆ, ನಿಲ್ಲದಿದ್ದರೆ ಸರಿಯಿದೆ ಎಂದು ತೀರ್ಪು ಹೇಳುವ ಮೇಸ್ತ್ರಿಗಳು ಅಲ್ಲಲ್ಲಿ ಇದ್ದಾರೆ. ಡೈನಮೋಗಳ ಕಾಲದಲ್ಲಿ ಈ ಆಟ ಹೇಗೋ ನಡೆದುಹೋಗುತ್ತಿತ್ತು. ಆಲ್ಟರ್ನೇಟರುಳ್ಳ ಗಾಡಿಯಲ್ಲಿ ಹೀಗೆ ಮಾಡಿದರೆ, ಹರಿಯುತ್ತಿದ್ದ ಪ್ರವಾಹಕ್ಕೆ ಹಠಾತ್ತಾಗಿ ಕೆರೆಯೇ ಇಲ್ಲದಂತಾಗಿ ವೋಲ್ಟು ಕ್ಷಣಮಾತ್ರದಲ್ಲಿ ವಿಪರೀತ ಏರಿ, ಡಯೋಡುಗಳನ್ನೂ ರೆಗ್ಯುಲೇಟರನ್ನೂ ಸುಟ್ಟುಬಿಡಬಹುದು. ಮೇಸ್ತ್ರಿ ಎಷ್ಟೇ ಹಿರಿಯನಾಗಿರಲಿ, ಯಜಮಾನರು ಇದಕ್ಕೆ ಅವಕಾಶ ಕೊಡಕೂಡದು.

ಓಡುವಾಗ ಎಲ್ಲ ಅಂಕೆಗಳೂ ಸರಿಯಾಗಿದ್ದು, ಬೆಳಗಾಗುವಷ್ಟರಲ್ಲಿ ಬ್ಯಾಟರಿ ಬರಿದಾಗುವ ಗಾಡಿಗಳೂ ಉಂಟು. ಇದು ಏರಿಯ ಬುಡದಲ್ಲಿ ನೀರು ಜಿನುಗಿದಂತೆ. ಕೀಲಿ ತೆಗೆದು, ಬಾಗಿಲು ಮುಚ್ಚಿ, ಬ್ಯಾಟರಿಯ ಋಣ ತಂತಿಯನ್ನು ಬಿಚ್ಚಿ, ಆ ತಂತಿಗೂ ಕಂಬಕ್ಕೂ ನಡುವೆ ಮೀಟರನ್ನು ಆಂಪಿಯರು ಅಳೆಯುವ ಸ್ಥಾನದಲ್ಲಿ ಸೇರಿಸಬೇಕು. ಹೀಗೆ ಸೇರಿಸಿರುವಾಗ ಇಂಜಿನ್ನನ್ನು ಎಬ್ಬಿಸಲು ಹೋದರೆ ಮೀಟರು ಸುಡುವುದು. ಹಳೆಯ ಗಾಡಿಯಲ್ಲಿ ೦.೦೫ ಆಂಪಿಯರಿಗಿಂತ ಹೆಚ್ಚು ಹರಿಯಕೂಡದು. ಹೆಚ್ಚಾಗಿದ್ದರೆ ಫ್ಯೂಜುಗಳನ್ನು ಒಂದೊಂದಾಗಿ ತೆಗೆದು ನೋಡುವುದು. ಯಾವುದನ್ನು ತೆಗೆದರೆ ಹರಿವು ನಿಲ್ಲುವುದೋ ಸೋರಿಕೆ ಆ ದಾರಿಯಲ್ಲಿದೆ. ಎಲ್ಲವನ್ನೂ ತೆಗೆದಮೇಲೂ ನಿಲ್ಲದಿದ್ದರೆ ಬ್ಯಾಟರಿಯ ತಂತಿಯನ್ನು ಬಿಚ್ಚಿಟ್ಟು ಆಲ್ಟರ್ನೇಟರಿನ ತಂತಿಯನ್ನು ತೆಗೆದು ನೋಡಿ. ಕೆಟ್ಟ ಡಯೋಡಿನ ಮೂಲಕ ಶಕ್ತಿ ಹಿಂದಕ್ಕೆ ಸೋರುತ್ತಿರಬಹುದು.

ಇದಕ್ಕೆ ವಿರುದ್ಧವಾದ ದೋಷವೂ ಒಂದಿದೆ. ಓಡುವಾಗ ಅಂಕೆ ೧೫ನ್ನು ಮೀರುತ್ತಿದ್ದರೆ ಕೋಡಿ ಕಟ್ಟಿಹೋಗಿದೆಯೆಂದರ್ಥ. ಬ್ಯಾಟರಿಯ ನೀರು ಬೇಗ ಬೇಗ ಒಣಗುವುದು, ದೀಪದ ಬುರುಡೆಗಳು ಮೇಲಿಂದ ಮೇಲೆ ಸುಡುವುದು, ಕೊಳೆತ ಮೊಟ್ಟೆಯಂತಹ ವಾಸನೆ ಬರುವುದು ಇದರ ಗುರುತುಗಳು. ಡೈನಮೋ ಗಾಡಿಗಳಲ್ಲಿ ರೆಗ್ಯುಲೇಟರ್ ಪೆಟ್ಟಿಗೆಯಿಂದ ಷಾಸಿಗೆ ಹೋಗುವ ತಂತಿಯು ಸಡಿಲವಾದರೂ ಹೀಗಾಗುವುದು. ಪೆಟ್ಟಿಗೆಯೊಳಗಿನ ತಿರುಪುಗಳನ್ನು ತಿರುಗಿಸುವ ಮುನ್ನ ಇದನ್ನು ನೋಡತಕ್ಕದ್ದು. ಒಣಗಿದ ಬ್ಯಾಟರಿಗೆ ಬಟ್ಟಿ ಇಳಿಸಿದ ನೀರನ್ನಲ್ಲದೆ ಬೇರೆ ನೀರನ್ನು ಹಾಕಲಾಗದು. ಕೊಳವೆಬಾವಿಯ ನೀರಿನಲ್ಲಿರುವ ಉಪ್ಪುಗಳು ಸೀಸದ ತಟ್ಟೆಗಳನ್ನು ಕೆಡಿಸುವುವು.

ಈ ಪರೀಕ್ಷೆಗಳನ್ನು ಮಾಡಿದವರು ಅಂಕೆಗಳನ್ನು ಒಂದು ಕಾಗದದಲ್ಲಿ ಬರೆದು ಮೇಸ್ತ್ರಿಗೆ ತೋರಿಸುವುದು ಉತ್ತಮ: ನಿಂತಾಗ ಎಷ್ಟು, ಎಬ್ಬಿಸುವಾಗ ಎಷ್ಟು, ಓಡುವಾಗ ದೀಪವಿಲ್ಲದೆ ಎಷ್ಟು, ದೀಪದೊಡನೆ ಎಷ್ಟು, ಎರಡು ದಾರಿಗಳ ವ್ಯತ್ಯಾಸ ಎಷ್ಟು. ಅಂಕೆಗಳೊಡನೆ ಬಂದವರಿಗೆ ಬೇಡದ ಸಾಮಾನನ್ನು ಮಾರುವುದು ಸುಲಭವಲ್ಲ. ಬದಲಾಯಿಸಿದ ಹಳೆಯ ಭಾಗವನ್ನು ಕೇಳಿ ಪಡೆಯುವುದು. ಅನೇಕ ಡೈನಮೋಗಳೂ ಆಲ್ಟರ್ನೇಟರುಗಳೂ ಬ್ರಷ್ಷು, ಬೇರಿಂಗುಗಳನ್ನು ಮಾತ್ರ ಬದಲಾಯಿಸಿದರೆ ಇನ್ನೂ ಕೆಲವು ವರ್ಷ ದುಡಿಯುವುವು. ಬಿತ್ತನೆಯ ದಿನಗಳಲ್ಲಿ ವಾರಗಟ್ಟಲೆ ಗಾಡಿಯನ್ನು ತೆಗೆಯದವರು ಋಣ ತಂತಿಯನ್ನು ಬಿಚ್ಚಿಟ್ಟಿರಬಹುದು. ಆದರೆ ಮನೆಯಲ್ಲಿ ತುಂಬು ಗರ್ಭಿಣಿಯಾಗಲಿ ರೋಗಿಗಳಾಗಲಿ ಇದ್ದರೆ ತಂತಿಯನ್ನು ಸೇರಿಸಿಯೇ ಇಟ್ಟು, ಎರಡು ದಿನಕ್ಕೊಮ್ಮೆ ಬೆಳಗ್ಗೆ ಮೀಟರನ್ನು ಮುಟ್ಟಿಸಿ, ೧೨.೪ಕ್ಕೆ ಇಳಿದಿದ್ದರೆ ಅಂದೇ ಗಾಡಿಯನ್ನು ಒಂದು ಗಂಟೆ ಓಡಿಸಿ ನಿಲ್ಲಿಸತಕ್ಕದ್ದು.